ಉಳಿಯ ಮೇಲಿನ ಹೆಸರು

ಅಂಗಡಿಯಮ್ಮ ಬೀಸಿ ಒಗೆದ ಉಳಿ ಗಿರಾಕಿಯ ಕಿವಿ ಸವರಿಕೊಂಡು ಹೋಗಿ, ರಸ್ತೆ ದಾಟಿ, ಎದುರಂಗಡಿಯ ತಗಡಿನ ಬಾಗಿಲಿಗೆ ಬಡಿದು ಬಿತ್ತು. ಗಿರಾಕಿ ಮಾಡಿದ ಅಪರಾಧ ದೊಡ್ಡದೇನಲ್ಲ. ಉಳಿಯನ್ನು ಕೈಗೆತ್ತಿಕೊಂಡವನು ಅದರ ಬಾಯಿ ನೋಡಲಿಲ್ಲ, ತೂಕ ನೋಡಲಿಲ್ಲ, ಮಗುಚಿ ಹಿಡಿದು ಮೈಮೇಲೆ ಒತ್ತಿದ್ದ ಹೆಸರನ್ನಷ್ಟೇ ಓದಿದ. ಓ, ಇಲ್ಲಿಯದಾ, ಅಂದವನೇ ಸತ್ತ ಇಲಿಯನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದ. ಆ ವಾರ ಹಾಗೆ ಇಟ್ಟುಹೋದವರು ಬೇಕಾದಷ್ಟು ಜನ. ಅಂಗಡಿಯಮ್ಮನ ತಾಳ್ಮೆಗೆ ಮಾತ್ರ ಇವನೇ ಕೊನೆಯವನಾದ.

ಅವನೂ ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದವನೇನಲ್ಲ. ಹೋಗಿ ಜೊತೆಯ ಗಾರೆಯವರಿಬ್ಬರನ್ನು ಕರೆತಂದು ಮೊಳೆಯ ಡಬ್ಬಗಳನ್ನೆಲ್ಲ ರಸ್ತೆಗೆ ಒದ್ದ. ಅಂಗಡಿಯಮ್ಮನ ಮಗ ಒಳಗಿನಿಂದ ಕಬ್ಬಿಣದ ಪೈಪು ಹಿಡಿದು ಬಂದ. ಒಬ್ಬನ ಮೊಣಕೈ ಊದಿತು, ಇನ್ನೊಬ್ಬನ ಹುಬ್ಬು ಸೀಳಿತು, ಮಗನ ಮುಂದಿನ ಹಲ್ಲೊಂದು ಅಲುಗಾಡತೊಡಗಿತು. ಬೀದಿಯ ಜನ ಬಂದು ಬಿಡಿಸಿದರು, ಅದೂ ನೋಡುವಷ್ಟು ನೋಡಿ ಆದ ಮೇಲೆ. ಎಲ್ಲರೂ ಚದುರಿದ ಮೇಲೆ ಸೊಸೆ ದಾರಕ್ಕೆ ಅಯಸ್ಕಾಂತ ಕಟ್ಟಿಕೊಂಡು ರಸ್ತೆಯ ಮಣ್ಣಿನಿಂದ ಮೊಳೆ ಎತ್ತುತ್ತ ಕೂತಳು. ಬಡಿದಾಡುವವರು ಯಾರೋ, ಮೊಳೆ ಆಯುವವರು ಯಾರೋ. ಆ ಮನೆ ತುಂಬಿದ ದಿನದಿಂದ ಅವಳ ಪಾಲಿಗೆ ಬಂದದ್ದು ಇಂಥದ್ದೇ.

ಮನೆ ಅಂಗಡಿಯ ಹಿಂಭಾಗದಲ್ಲೇ ಇತ್ತು. ಮುಂದೆ ಕಬ್ಬಿಣದ ಸಾಮಾನು, ಹಿಂದೆ ಅಡುಗೆಮನೆ, ಎರಡು ಕೋಣೆ, ಅದರಾಚೆ ನೀರೊಲೆಯ ಬಚ್ಚಲು. ಗಂಡ ಸತ್ತ ಮೇಲೆ ಅಂಗಡಿಯನ್ನು ತಾನೇ ಹೆಗಲಿಗೆ ಹಾಕಿಕೊಂಡ ಹೆಂಗಸು ಅಂಗಡಿಯಮ್ಮ. ಮಗನಿಗೆ ಮದುವೆಯಾದ ಮೇಲೂ ಬೀಗದ ಕೈ ಅವಳ ಸೊಂಟ ಬಿಟ್ಟು ಇಳಿದಿರಲಿಲ್ಲ. ಮಗ ಎದುರಾಡಿದರೆ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದಳು. ಮಗ ತಾನು ತಿಂದ ಪೆಟ್ಟನ್ನು ಹೆಂಡತಿಗೆ ದಾಟಿಸುತ್ತಿದ್ದ. ಹೆಂಡತಿಗೆ ದಾಟಿಸಲು ಕೆಳಗೆ ಯಾರೂ ಇರಲಿಲ್ಲ. ಅವಳು ಪಾತ್ರೆ ತಿಕ್ಕುವಾಗ ಸದ್ದು ಸ್ವಲ್ಪ ಹೆಚ್ಚಾಗುತ್ತಿತ್ತು, ಅಷ್ಟೇ.

ಅಂಗಡಿಯ ಮುಖ್ಯ ವ್ಯಾಪಾರ ಉಳಿಯದು. ಗೋಡೆ ಕೊರೆಯಲು, ಕಲ್ಲು ಸೀಳಲು ಬೇಕಾಗುವ ಗೇಣುದ್ದದ ಉಕ್ಕಿನ ಉಳಿ. ಗಾರೆಯವರಿಗೂ ಬೇಕು, ನಲ್ಲಿ ಕೂರಿಸುವವರಿಗೂ ಬೇಕು, ಗೋಡೆಯೊಳಗೆ ಕರೆಂಟಿನ ತಂತಿ ಎಳೆಯುವವರಿಗೂ ಬೇಕು. ಊರಾಚೆಯ ಕಾರ್ಖಾನೆಯಲ್ಲಿ ಅವು ತಯಾರಾಗುತ್ತಿದ್ದವು. ಅಂಗಡಿಯಮ್ಮನ ಗಂಡ ಬದುಕಿಡೀ ಅವನ್ನೇ ಮಾರಿದ್ದ. ದೂರು ಹೇಳಿ ಹಿಂದಕ್ಕೆ ತಂದವರಿರಲಿಲ್ಲ. ಆದರೆ ಈಚೆಗೆ ಸಮುದ್ರದಾಚೆಯ ಒಂದು ದೇಶದ ಉಳಿ ಎದುರಂಗಡಿಗೆ ಬಂದಿತ್ತು. ಬೀದಿಯವರ ಬಾಯಲ್ಲಿ ಅದು ‘ಆಚೆಯದು’, ಇದು ‘ಇಲ್ಲಿಯದು’. ಹಿತ್ತಲ ಗಿಡ ಮದ್ದಲ್ಲ. ಕಾರ್ಖಾನೆಯ ಚಿಮಣಿಯನ್ನು ದಿನಾ ಬೆಳಗ್ಗೆ ಹಲ್ಲುಜ್ಜುತ್ತ ನೋಡುವವರಿಗೆ ಅಲ್ಲಿಂದ ಒಳ್ಳೆಯದೊಂದು ಹೊರಬಂದೀತು ಎಂಬ ನಂಬಿಕೆಯೇ ಹುಟ್ಟುವುದಿಲ್ಲ. ಆಚೆಯ ಉಳಿ ಯಾತರಲ್ಲಿ ಮೇಲು ಅಂತ ಕೇಳಿದರೆ, ಅದು ಆಚೆಯದಲ್ಲವಾ, ಅನ್ನುತ್ತಿದ್ದರು. ಆ ಮೇಲೆ ಮಾತಿಗೆ ಜಾಗವಿರಲಿಲ್ಲ.

ಆಚೆಯ ಮಾಲನ್ನು ಊರಿಂದೂರಿಗೆ ಹೊತ್ತು ತರುವವನೊಬ್ಬನಿದ್ದ. ಹೆಗಲಿಗೆ ದೊಡ್ಡ ಚರ್ಮದ ಚೀಲ ಹಾಕಿಕೊಂಡು ತಿಂಗಳಿಗೊಮ್ಮೆ ಬರುತ್ತಿದ್ದುದರಿಂದ ಅವನನ್ನು ಎಲ್ಲರೂ ಚೀಲದವನು ಅನ್ನುತ್ತಿದ್ದರು. ಒಂದು ಬೀದಿಯಲ್ಲಿ ಒಂದೇ ಅಂಗಡಿಗೆ ಮಾಲು ಕೊಡುವುದು ಅವನ ಪದ್ಧತಿ, ಈ ಬೀದಿಯನ್ನು ಎದುರಂಗಡಿಗೆ ಬರೆದುಕೊಟ್ಟಾಗಿತ್ತು. ಮಗ ಎರಡು ಸಲ ಹೋಗಿ ಅವನ ಕೈಕಾಲು ಹಿಡಿದು ಬಂದಿದ್ದ. ಚೀಲದವನು ಚಹಾ ಕುಡಿಸಿ ಕಳಿಸಿದ್ದನೇ ಹೊರತು ಉಳಿ ಕೊಟ್ಟಿರಲಿಲ್ಲ.

ಬಡಿದಾಟವಾದ ದಿನ ರಾತ್ರಿ ಊಟಕ್ಕೆ ಅನ್ನ, ಆಲೂಗಡ್ಡೆ, ತಾಯಿಗೊಂದು ಮಗನಿಗೊಂದು ಬೇಯಿಸಿದ ಮೊಟ್ಟೆ. ಅಲುಗಾಡುವ ಹಲ್ಲಿನಲ್ಲಿ ಅಗಿಯಲಾರದೆ ಮಗ ತಟ್ಟೆ ದೂಡಿದ.

"ಅಮ್ಮಾ, ಉಳಿ ಇದೇ ಇರಲಿ. ಹೆಸರು ಬದಲಾಯಿಸೋಣ" ಅಂದ.

"ಅಂದ್ರೆ?"

"ಇಲ್ಲಿಯ ಹೆಸರು ಉಜ್ಜಿ ತೆಗೆಯೋಣ, ಆಚೆಯ ಹೆಸರು ಒತ್ತೋಣ. ಜನ ನೋಡೋದು ಅದನ್ನೇ ತಾನೆ?"

ಅಂಗಡಿಯಮ್ಮನ ಕೈಯಲ್ಲಿದ್ದ ಅನ್ನದ ಸೌಟು ಮಗನ ಹಣೆಗೆ ಬಿತ್ತು. ನಿಮ್ಮಪ್ಪ ತಲೆ ಎತ್ತಿ ಮಾರಿದ ಮಾಲಿಗೆ ಕಂಡವರ ಹೆಸರು ಇಡ್ತೀಯಾ, ಹುಟ್ಟಿದ ಮಗುವಿಗೆ ಪಕ್ಕದ ಮನೆಯವನ ಹೆಸರು ಹೇಳಿದ ಹಾಗೆ, ಅಂತ ಕೂಗಾಡಿದಳು. ಮಗ ತಟ್ಟೆ ಎತ್ತಿ ಗೋಡೆಗೆ ಬಡಿದ. ಹಾಗಾದರೆ ಅಂಗಡಿಗೆ ಬೀಗ ಹಾಕಿ, ಉಳಿಯನ್ನೇ ಬೇಯಿಸಿ ತಿನ್ನೋಣ, ಅಂದ. ಇಬ್ಬರ ಗಂಟಲೂ ಒಣಗಿತು. ಸೊಸೆ ಗೋಡೆಗಂಟಿದ ಅನ್ನವನ್ನು ಒರೆಸಿದಳು. ಕೈ ತೊಳೆಯಲು ಎದ್ದ ಅಂಗಡಿಯಮ್ಮ ಹಿಂತಿರುಗದೆಯೇ, ಒತ್ತೋರು ಯಾರು, ಅಂತ ಕೇಳಿದಳು. ಕೇಳಿದ ಧಾಟಿಯಲ್ಲೇ ಒಪ್ಪಿಗೆಯೂ ಇತ್ತು.

ಮಗ ಹೆಂಡತಿಯ ಕಡೆ ನೋಡಿದ. ಮದುವೆಗೆ ಮುಂಚೆ ಅವಳು ಚರ್ಮದ ಕಾರ್ಖಾನೆಯೊಂದರಲ್ಲಿ ಸೊಂಟಪಟ್ಟಿಗಳಿಗೆ ಹೆಸರು ಒತ್ತುವ ಕೆಲಸದಲ್ಲಿದ್ದಳು. ಅಕ್ಷರದ ಅಚ್ಚು ಇಟ್ಟು, ಸುತ್ತಿಗೆಯಿಂದ ಒಂದೇ ಪೆಟ್ಟು. ಸಾಲು ಕೂದಲೆಳೆಯಷ್ಟೂ ಸೊಟ್ಟಗಾಗುತ್ತಿರಲಿಲ್ಲ. ಈ ಮನೆಯಲ್ಲಿ ಆ ವಿದ್ಯೆಯನ್ನು ಯಾರೂ ಕೇಳಿರಲಿಲ್ಲ.

ಉಕ್ಕು ಚರ್ಮವಲ್ಲ. ಮರುದಿನ ಆಚೆಯ ಅಕ್ಷರಗಳ ಅಚ್ಚು ಕೊಂಡುತಂದು, ಬಚ್ಚಲಲ್ಲಿ ಕೂತು ಗಂಡ ಬಡಿದರೆ ಅಚ್ಚೇ ಜಾರಿ ಹಾರಿತು. ಇನ್ನೊಂದು ಅಚ್ಚಿನ ಮೂಗು ಮುರಿಯಿತು. ಸಿಟ್ಟಿಗೆ ಬಕೆಟ್ಟನ್ನು ಒದ್ದ, ಹತ್ತಿರವಿದ್ದ ಹೆಂಡತಿಯನ್ನೂ ಒದ್ದ. ಅವಳು ಸೊಂಟ ಹಿಡಿದುಕೊಂಡೇ ಒಂದು ಮಾತು ಹೇಳಿದಳು.

"ರೀ, ನೀರೊಲೆಯಲ್ಲಿಟ್ಟು ಕೆಂಪಗೆ ಕಾಯಿಸಿ ನೋಡೋಣ. ಬಿಸಿ ಇದ್ದಾಗ ಮೆತ್ತಗಿರುತ್ತೆ."

ಇದ್ದಿಲು ಹಾಕಿ, ಗಾಳಿ ಊದುವ ಯಂತ್ರ ತಿರುಗಿಸಿ, ಉಳಿಯನ್ನು ಕೆಂಡದೊಳಗೆ ಹೂತರು. ಕೆಂಪಗಾದ ಉಳಿಯ ಮೇಲೆ ಅರ ಆಡಿಸಿದರೆ ಹಳೆಯ ಹೆಸರು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಹೋಯಿತು. ಹೊಸ ಅಕ್ಷರಗಳು ಹಿಟ್ಟಿನೊಳಗೆ ಬೆರಳು ಊರಿದ ಹಾಗೆ ಕೂತವು. ಅವಳು ಇಕ್ಕಳದಿಂದ ಹಿಡಿದು ಉಳಿಯನ್ನು ತಣ್ಣೀರಿನ ಬಕೆಟ್ಟಿಗೆ ಅದ್ದಿದಳು. ಅದು ಬುಸುಗುಟ್ಟಿ, ಹೊಗೆಯಾಡಿ, ತಣ್ಣಗಾಯಿತು. ಎಣ್ಣೆಬಟ್ಟೆಯಲ್ಲಿ ಒರೆಸಿದ ಮೇಲೆ ಅದನ್ನು ಹೆತ್ತ ಕಾರ್ಖಾನೆಯೂ ಗುರುತು ಹಿಡಿಯುವಂತಿರಲಿಲ್ಲ.

ಅಂಗಡಿಯಮ್ಮ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿ ನೋಡಿದಳು. ರಾತ್ರಿ ಸೊಸೆಯ ತಟ್ಟೆಗೂ ಒಂದು ಮೊಟ್ಟೆ ಬಿತ್ತು. ಸೊಸೆಗೆ ಆ ರಾತ್ರಿ ನಿಜವಾಗಿಯೂ ಸಂತೋಷವಾಯಿತು. ಮೋಸದ ಕೆಲಸ ಅಂತ ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ, ಆದರೆ ಆ ಮನೆಯಲ್ಲಿ ಅವಳ ಮಾತೊಂದು ನಡೆದದ್ದು ಅದೇ ಮೊದಲು.

ಮುಂದಿನ ವಾರಗಳಲ್ಲಿ ಬಚ್ಚಲು ಕಮ್ಮಾರಸಾಲೆಯಾಯಿತು. ಸ್ನಾನಕ್ಕೆ ಬಿಸಿನೀರಿಲ್ಲ, ಅನ್ನದಲ್ಲಿ ಇದ್ದಿಲ ಪುಡಿ, ಹಾಸಿಗೆಯಲ್ಲಿ ಕಬ್ಬಿಣದ ವಾಸನೆ. ಗಂಡ ಕಾಯಿಸಿ ಕೊಡುತ್ತಿದ್ದ, ಅವಳು ಒತ್ತಿ ಅದ್ದುತ್ತಿದ್ದಳು. ಆ ದೇಶದ ಹೆಸರನ್ನು ಓದಲು ಅವಳಿಗೆ ಬರುತ್ತಿರಲಿಲ್ಲ, ಬೇರೆ ಭಾಷೆಯ ಅಕ್ಷರ. ಒಂದು ಕಂಬ, ಒಂದು ಕೊಕ್ಕೆ, ಒಂದು ಬಳೆ ಅಂತ ಆಕಾರದ ಮೇಲೆ ಗುರುತಿಟ್ಟುಕೊಂಡಿದ್ದಳು. ಕೈ ನಿಧಾನವಾದರೆ ಬೆನ್ನಿಗೊಂದು ಬೀಳುತ್ತಿತ್ತು. ಒಮ್ಮೆ ಬಕೆಟ್ಟಿನೊಳಗೆ ಟಿಕ್ ಎಂದು ಸದ್ದಾಯಿತು. ತೆಗೆದು ನೋಡಿದರೆ ಉಳಿಯ ಬಾಯಿಗೆ ಅಡ್ಡಲಾಗಿ ಸೀಳು ಬಿದ್ದಿತ್ತು. ಗಂಡ ಅದನ್ನು ಗುಜರಿಯ ರಾಶಿಗೆ ಎಸೆದು, ಇಲ್ಲಿಯ ಮಾಲಿನ ಹಣೆಬರಹವೇ ಇಷ್ಟು, ಅಂದ.

ವ್ಯಾಪಾರ ಮಾತ್ರ ಕುದುರಿತು. ಉಳಿಯ ಏಟು ತಪ್ಪಿಸಿಕೊಂಡು ಬಡಿದಾಡಿದ್ದ ಅದೇ ಗಿರಾಕಿ ಬಂದು, ಹೆಸರು ಓದಿ, ಈಗ ದಾರಿಗೆ ಬಂದಿರಿ, ಅಂತ ಒಂದು ಕೊಂಡ. ಇನ್ನೊಬ್ಬ ಉಳಿಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿ, ನೋಡಿ, ನಾದವೇ ಬೇರೆ, ಅಂತ ಪಕ್ಕದವನಿಗೆ ತೋರಿಸಿದ. ಅಂಗಡಿಯಮ್ಮ ಮೊದಮೊದಲು ಮುಖ ತಿರುಗಿಸಿಕೊಂಡು ಮಾರುತ್ತಿದ್ದಳು. ಆಮೇಲೆ ಅವಳೇ, ಹಡಗಿನಲ್ಲಿ ಬಂದದ್ದು, ತೇವ ತಾಗಿಸಬೇಡಿ, ಅನ್ನುವಷ್ಟು ಪಳಗಿದಳು.

ಹೀಗಿರುವಾಗ ಮಗಳು ಅಳಿಯ ಬಂದರು. ಅಳಿಯ ನಲ್ಲಿ ಕೆಲಸದವನು. ಗೋಡೆ ಕೊರೆದು ಪೈಪು ಕೂರಿಸುವುದರಲ್ಲಿ ಪಳಗಿದ ಕೈ. ಆದರೆ ಮಾತಿನಲ್ಲಿ ಆಕಾಶಕ್ಕೆ ಏಣಿ ಹಾಕುವ ಜಾತಿ. ಅವನ ಕೈಗಡಿಯಾರ ಆಚೆಯದು, ಪಾದರಕ್ಷೆ ಆಚೆಯದು, ಗಡ್ಡ ಕೆರೆಯುವ ಬ್ಲೇಡೂ ಆಚೆಯದು. ಮಾವನ ಅಂಗಡಿಯ ಉಳಿಯನ್ನು ಈ ತನಕ ಮುಟ್ಟಿರಲಿಲ್ಲ. ಈಗ ಕಪಾಟಿನ ಮುಂದೆ ನಿಂತು, ಅತ್ತೆ, ಕೊನೆಗೂ ನಿಮಗೆ ಬುದ್ಧಿ ಬಂತಲ್ಲ, ನನಗೊಂದು ಕೊಡಿ, ಅಂದ.

ಅಂಗಡಿಯಮ್ಮನಿಗೆ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಯಿತು. ಮೂಲೆಯ ಪೆಟ್ಟಿಗೆಯಲ್ಲಿ ಬೆಂಕಿ ಕಾಣದ ಇಲ್ಲಿಯ ಉಳಿಗಳು ಇನ್ನೂ ಇದ್ದವು. ಅವಳ ಕೈ ಒಂದು ಕ್ಷಣ ಅತ್ತ ಹೋದದ್ದನ್ನು ಸೊಸೆ ನೋಡಿದಳು. ಆದರೆ ಅಳಿಯನಿಗೆ ಇಲ್ಲಿಯದನ್ನು ಕೊಟ್ಟರೆ ಯಾಕೆ ಅಂತ ಹೇಳಬೇಕು, ಹೇಳಿದರೆ ನಾಳೆ ಊರಿಗೆಲ್ಲ ಡಂಗುರ. ಬಚ್ಚಲಲ್ಲಿ ಹುಟ್ಟಿದ್ದನ್ನೇ ಕೊಟ್ಟಳು. ಅಳಿಯನಿಂದ ಕಾಸು ತೆಗೆದುಕೊಳ್ಳಲಿಲ್ಲ.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಯಾರದೋ ಹೊಸ ಮನೆಯ ಸ್ನಾನದ ಕೋಣೆಯಲ್ಲಿ ಈ ನಲ್ಲಿಯವನು ಗೋಡೆಗೆ ಆ ಉಳಿ ಹೂಡಿ ಸುತ್ತಿಗೆ ಬೀಸಿದ. ಉಳಿಯ ಬಾಯಿ ಸಿಡಿಯಿತು. ಉಗುರಿನಷ್ಟು ದೊಡ್ಡ ಉಕ್ಕಿನ ಚೂರು ಬಲಗಣ್ಣಿನೊಳಗೆ ಹೊಕ್ಕಿತು. ಅವನು ಕಿರುಚಿಕೊಂಡು ಎದ್ದು, ಕಾಣದೆ ಗೋಡೆಗೆ ಹಾಯ್ದು, ಪೈಪಿಗಾಗಿ ತಾನೇ ತೋಡಿದ ಕಾಲುವೆಯಲ್ಲಿ ಬಿದ್ದ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಾದಿನಿ ಗಂಡನ ರಕ್ತ ಅಂಟಿದ ಸೀರೆಯಲ್ಲೇ ಕೂತಿದ್ದಳು. ಸೊಸೆ ಗಂಜಿಯ ಡಬ್ಬ ಹಿಡಿದು ಹೋದಾಗ ಅವಳು ತಬ್ಬಿಕೊಂಡು, ಡಾಕ್ಟರು ಕಣ್ಣೇ ತೆಗೆದುಬಿಟ್ಟರು ಅತ್ತಿಗೆ, ಅಂತ ಅತ್ತಳು. ಬಕೆಟ್ಟಿನೊಳಗೆ ಕೇಳಿದ್ದ ಸದ್ದು ಈಗ ಅವಳ ಕಿವಿ ಬಿಟ್ಟು ಹೋಗಲೊಲ್ಲದು.

ಮನೆಗೆ ಬಂದು, ಒಲೆಯ ಮುಂದೆ ನಿಂತಿದ್ದ ಗಂಡನಿಗೆ ಹೇಳಿದಳು. ಇಷ್ಟು ವರ್ಷ ಒಂದೂ ಸಿಡಿಯದ ಉಳಿ ನಾವು ಕಾಯಿಸಿ ನೀರಿಗೆ ಹಾಕಿದ ಮೇಲೆ ಸಿಡಿದಿದೆ, ಕೆಡಿಸಿದ್ದು ನಾವೇ, ಮಾರಿದ್ದನ್ನೆಲ್ಲ ವಾಪಸು ತರಬೇಕು, ಅಂದಳು. ಅವನು ಒಲೆಯ ಮೇಲಿದ್ದ ಬಾಣಲೆಯನ್ನು ಎತ್ತಿ ಬೀಸಿದ. ಬಿಸಿ ಅಂಚು ಅವಳ ದವಡೆಗೆ ತಾಗಿ ಚರ್ಮ ಸುಟ್ಟಿತು. ಅವಳು ನೆಲಕ್ಕೆ ಬಿದ್ದ ಮೇಲೂ ಹೊಟ್ಟೆಗೆ ಒದ್ದ. ಕಾಯಿಸೋಣ ಅಂದೋಳು ಯಾರು, ಹೇಳು, ಯಾರು, ಅಂತ ಪ್ರತಿ ಒದೆತಕ್ಕೂ ಕೇಳಿದ. ಅಂದವಳು ಅವಳೇ.

ಅಂಗಡಿಯಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಮಗನ ಬೆನ್ನಿಗೆ ಕಟ್ಟಿಗೆಯಿಂದ ಒಂದು ಹಾಕಿ ಬಿಡಿಸಿದಳು. ಆಮೇಲೆ ಸೊಸೆಯ ದವಡೆಗೆ ಎಣ್ಣೆ ಸವರುತ್ತ ಮೆಲ್ಲಗೆ ಹೇಳಿದಳು.

"ನೀನು ಬಾಯಿ ಬಿಟ್ರೆ ನನ್ನ ಮಗಳ ಬಾಳು ಹೋಗುತ್ತೆ. ಕಟ್ಟಿಕೊಂಡ ಗಂಡನ ಕಣ್ಣು ತವರಿನವರೇ ಕಿತ್ತರು ಅಂದ್ರೆ ಅವಳು ಆ ಮನೆಯಲ್ಲಿ ಬದುಕ್ತಾಳಾ?"

"ಅತ್ತೆ, ಹೊರಗೆ ಎಷ್ಟೋ ಜನರ ಕೈಯಲ್ಲಿ ಇದೆ ಅದು."

"ಅವರ ಹಣೆಬರಹ ಅವರಿಗೆ."

ಅಂಗಡಿಯಮ್ಮ ಎಣ್ಣೆಯ ಬಟ್ಟಲು ಎತ್ತಿಕೊಂಡು ಎದ್ದಳು. ಸೊಸೆ ದಿನವಿಡೀ ಅಂಗಡಿಯ ಮುಂದೆ ಹಾದುಹೋಗುವ ಗಾರೆಯವರ ಕಣ್ಣುಗಳನ್ನೇ ನೋಡುತ್ತಿದ್ದಳು.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನವೇ ನಲ್ಲಿಯವನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಸಿಡಿದ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದ. ಆಚೆಯದು ಹೀಗೆ ಸಿಡಿಯುವುದು ಸಾಧ್ಯವೇ ಇಲ್ಲ, ಯಾವನೋ ನಿಮಗೆ ನಕಲಿ ತಲೆಗೆ ಕಟ್ಟಿದ್ದಾನೆ, ಯಾರವನು, ಅಂತ ಕೇಳಿದ. ಭಾವಮೈದುನ ಅತ್ತಿತ್ತ ನೋಡಿದ. ತಾಯಿಯ ಮುಖ ನೋಡಿದ. ಚೀಲದವನು, ಅಂದುಬಿಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಏರ್ಪಾಟು ಅಲ್ಲೇ ಆಯಿತು.

ಚೀಲದವನು ತನ್ನ ತಿಂಗಳ ಸುತ್ತಿನಲ್ಲಿ ಎದುರಂಗಡಿಯಿಂದ ಇಳಿದು ಬರುತ್ತಿದ್ದಾಗ, ಒಂದು ಮಾತಿದೆ ಬನ್ನಿ, ಅಂತ ಮಗ ಕರೆದ. ಅವನು ಒಳಗೆ ಕಾಲಿಟ್ಟ ಕೂಡಲೇ, ಕಾದು ನಿಂತಿದ್ದ ನಲ್ಲಿಯವನೂ ಅವನ ಹೆಂಡತಿಯೂ ತಗಡಿನ ಬಾಗಿಲನ್ನು ಕೆಳಗೆಳೆದರು. ಸೊಸೆ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದಳು. ಮೊದಲು ಕೇಳಿದ್ದು ತಗಡಿನ ಸದ್ದು, ಆಮೇಲೆ ಡಬ್ಬಗಳು ಉರುಳಿದ ಸದ್ದು, ಆಮೇಲೆ ಹಸಿ ಮರಕ್ಕೆ ಹೊಡೆದಂಥ ಸದ್ದು. ಅದು ಮನುಷ್ಯನ ಮೈ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಅವಳು ಹೋಗಿ ನೋಡಿದಾಗ ಚೀಲದವನು ಮೊಳೆಗಳ ನಡುವೆ ಮೊಣಕಾಲೂರಿ ಕೂತಿದ್ದ. ತುಟಿ ಹರಿದು ಅಂಗಿಯ ಮುಂಭಾಗ ಕೆಂಪಾಗಿತ್ತು. ಒಂದು ಕೈ ಮೊಣಕೈಯ ಕೆಳಗೆ ಬೇಡದ ಕಡೆಗೆ ಬಾಗಿತ್ತು. ಮಗ ಅವನ ಕೂದಲು ಹಿಡಿದು ತಲೆಯನ್ನು ಹಿಂದಕ್ಕೆಳೆದಿದ್ದ. ನಾದಿನಿ ಗೋಡೆಗೊರಗಿ ನಿಂತು, ಬಿಡಬೇಡಿ, ಅನ್ನುತ್ತಿದ್ದಳು.

"ನಾನು ಈ ಅಂಗಡಿಗೆ ಒಂದೇ ಒಂದು ಉಳಿ ಕೊಟ್ಟಿಲ್ಲ" ಅಂದ ಚೀಲದವನು. ನಿಜ ಹೇಳುವವನ ಮಾತು ಪೆಟ್ಟು ಬಿದ್ದಷ್ಟೂ ಸುಳ್ಳಿನ ಹಾಗೆ ಕೇಳುತ್ತದೆ. ನಲ್ಲಿಯವನು ಇನ್ನೊಂದು ಗುದ್ದು ಹಾಕಿದ. ಆಮೇಲೆ ಕಪಾಟಿನಿಂದ ಉಳಿಯೊಂದನ್ನು ತೆಗೆದು ಅದರ ಬಾಯನ್ನು ಆ ಮನುಷ್ಯನ ಬಲಗಣ್ಣಿನ ರೆಪ್ಪೆಯ ಮೇಲಿಟ್ಟ. ಇನ್ನೊಂದು ಕೈಯಲ್ಲಿ ಸುತ್ತಿಗೆ ಎತ್ತಿಕೊಂಡ.

"ಅಣ್ಣಾ, ಅವರನ್ನ ಬಿಡಿ. ಅದನ್ನ ಮಾಡಿದ್ದು ನಾನು" ಅಂದಳು ಸೊಸೆ.

ನಲ್ಲಿಯವನ ಉಳಿದ ಒಂದೇ ಕಣ್ಣು ಅವಳ ಕಡೆ ತಿರುಗಿತು. ಅವನಿಗೆ ಅರ್ಥವಾಗಲಿಲ್ಲ. ಗಂಡ, ಇವಳಿಗೆ ತಲೆ ಸ್ಥಿಮಿತ ಇಲ್ಲ, ಒಳಗೆ ಹೋಗೇ, ಅಂತ ಗದರಿದ. ಅವಳು ಒಳಗೆ ಹೋಗಿ ಅಕ್ಷರದ ಅಚ್ಚುಗಳ ಡಬ್ಬ ತಂದು ನೆಲಕ್ಕೆ ಸುರಿದಳು. ನಲ್ಲಿಯವನ ಕೈಯಿಂದ ಉಳಿಯನ್ನೂ ಸುತ್ತಿಗೆಯನ್ನೂ ಕಿತ್ತುಕೊಂಡು, ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು, ಹೊಸಲಿನ ಕಲ್ಲಿಗೆ ಹೂಡಿ ಹೊಡೆದಳು. ಉಳಿಯ ಬಾಯಿ ಮಣ್ಣಿನ ಕುಡಿಕೆಯ ಹಾಗೆ ಚೂರಾಯಿತು. ಮೂಲೆಯ ಪೆಟ್ಟಿಗೆಯಿಂದ ಬೆಂಕಿ ಕಾಣದ ಇನ್ನೊಂದನ್ನು ತೆಗೆದು ಅದೇ ಜಾಗಕ್ಕೆ ಹೂಡಿದಳು. ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಡಿದಳು. ಕಲ್ಲು ಸೀಳಿತು, ಉಳಿ ಹಾಗೇ ಇತ್ತು.

"ಇದು ಎಲ್ಲಿಯದು?" ಅಂದ ನಲ್ಲಿಯವನು.

"ಎರಡೂ ಇಲ್ಲಿಯದೇ. ಬಚ್ಚಲ ಒಲೆಯಲ್ಲಿ ಕಾಯಿಸಿ ಹೆಸರು ಬದಲಾಯಿಸೋಕೆ ಹೋಗಿ ಕೆಡಿಸಿದ್ವಿ. ಕಾಯಿಸೋಣ ಅಂತ ಹೇಳಿದ್ದೂ ನಾನೇ."

ಆಮೇಲೆ ಆ ನಾಲ್ಕು ಗೋಡೆಗಳ ನಡುವೆ ಆದದ್ದನ್ನು ವಿವರಿಸಿ ಹೇಳುವಂತಿಲ್ಲ. ನಲ್ಲಿಯವನು ಸುತ್ತಿಗೆಯ ಹಿಡಿಯಿಂದ ಭಾವಮೈದುನನ ಹೆಗಲ ಮೂಳೆ ಮುರಿದ. ಅಡ್ಡ ಬಂದ ಅಂಗಡಿಯಮ್ಮ ಕಪಾಟಿಗೆ ಬಡಿದುಕೊಂಡು ಕೆಳಗೆ ಕೂತಳು. ನಾದಿನಿ ಸೊಸೆಯ ಜಡೆ ಹಿಡಿದು ನೆಲಕ್ಕೆ ಕುಕ್ಕಿದಳು, ಗಂಜಿ ಹೊತ್ತು ಬಂದೆಯಲ್ಲೇ ಆಸ್ಪತ್ರೆಗೆ, ಗಂಜಿ, ಅನ್ನುತ್ತ ಕುಕ್ಕಿದಳು. ಚೀಲದವನು ಬಾಗಿಲ ಸಂದಿನಿಂದ ತೆವಳಿಕೊಂಡು ಬೀದಿಗೆ ಬಿದ್ದ. ಅವನನ್ನು ಎದುರಂಗಡಿಯವರು ಎತ್ತಿಕೊಂಡು ಹೋದರು. ಅವನು ಮುಂದೆ ಆ ಊರಿಗೇ ಬರಲಿಲ್ಲ.

ಎಲ್ಲರ ಕೈಯೂ ಸೋತ ಮೇಲೆ ನಲ್ಲಿಯವನು ಮುರಿದ ಉಳಿಯ ಮೈಮೇಲಿನ ಹೆಸರನ್ನು ತುಂಬ ಹೊತ್ತು ನೋಡಿದ. ಅವನು ಪೊಲೀಸರಿಗೆ ಹೇಳುತ್ತಾನೆ, ಮಗಳನ್ನು ಬಿಡುತ್ತಾನೆ, ಅಂಗಡಿಗೆ ಬೆಂಕಿ ಇಡುತ್ತಾನೆ, ಅಂತೆಲ್ಲ ಅಂಗಡಿಯಮ್ಮ ಎಣಿಸುತ್ತ ಕೂತಿದ್ದಳು. ಅವನು ಹೇಳಿದ್ದೇ ಬೇರೆ.

"ಇದು ಹೊರಗೆ ಯಾರಿಗೂ ಗೊತ್ತಾಗಬಾರದು. ಆಚೆ ಉಳಿಯಿಂದ ಕಣ್ಣು ಹೋಯ್ತು ಅಂತ ಇಡೀ ಊರಿಗೆ ಹೇಳಿಕೊಂಡಿದ್ದೀನಿ. ಹೆಂಡತಿ ತವರಿನ ಬಚ್ಚಲಲ್ಲಿ ಮಾಡಿದ ಉಳಿ ಅಂದ್ರೆ ಜನ ನಕ್ಕು ಸಾಯ್ತಾರೆ."

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನಿಗೆ ಕಣ್ಣಿಗಿಂತ ಮಾನ ದೊಡ್ಡದಾಗಿತ್ತು, ಮಾನಕ್ಕಿಂತ ಆ ಹೆಸರು ದೊಡ್ಡದಾಗಿತ್ತು. ಮನೆಯವರೆಲ್ಲ ಒಂದೇ ಮಾತಿಗೆ ಒಪ್ಪಿದ್ದು ಬಹುಶಃ ಅದೇ ಮೊದಲು. ಆ ಮಾತು, ಸುಮ್ಮನಿರೋಣ ಅನ್ನುವುದು.

ಬೆಳಗಾದ ಮೇಲೆ ಅವಳು ಪೆಟ್ಟಿಗೆಯಲ್ಲಿದ್ದ ಬೆಂಕಿ ಕಾಣದ ಉಳಿಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡಳು. ಹೆಗಲಿಗೆ ಪಟ್ಟಿ ಬಿಗಿದು ಮಲಗಿದ್ದ ಗಂಡ, ಹೊಸಲು ದಾಟಿದರೆ ವಾಪಸು ಬರಬೇಡ, ಅಂದ. ಅಂಗಡಿಯಮ್ಮ ಬೀಗದ ಕೈ ತಿರುವುತ್ತ ಕೂತಿದ್ದಳು, ಬಾಗಿಲು ಮಾತ್ರ ಹಾಕಲಿಲ್ಲ. ಸೊಸೆ ದಾಟಿದಳು.

ಕೊಂಡವರ ಮುಖಗಳೆಲ್ಲ ಅವಳಿಗೆ ಪರಿಚಯ, ಯಾರು ಎಲ್ಲಿ ಕಟ್ಟುತ್ತಿದ್ದಾರೆ ಅನ್ನುವುದೂ ಗೊತ್ತು. ಕೆಟ್ಟ ಉಳಿಗೆ ಒಳ್ಳೆಯದನ್ನು ಬದಲಿ ಕೊಡುತ್ತೇನೆ ಅಂತ ಕಟ್ಟಡದಿಂದ ಕಟ್ಟಡಕ್ಕೆ ಅಲೆದಳು. ಒಂದಿಬ್ಬರು ಅವಳ ಮುಖದ ಬಾವು ನೋಡಿ ಏನೂ ಕೇಳದೆ ಕೊಟ್ಟರು. ಹೆಚ್ಚಿನವರು ನಕ್ಕರು. ಇದು ಇಲ್ಲಿಯದು ಅಂತ ಅವಳು ಹೇಳುವುದು, ಅವರು ಉಳಿ ಮಗುಚಿ ಹೆಸರು ತೋರಿಸುವುದು. ನಿಮ್ಮತ್ತೆ ಕಡಿಮೆ ಬೆಲೆಗೆ ಮಾರಿ ಈಗ ಹೊಟ್ಟೆ ಉರಿದುಕೊಂಡಳಾ, ಅಂತ ಕೇಳಿದವರೂ ಇದ್ದರು. ಹೀಗೆಯೇ ಕೆಲವು ದಿನ. ರಾತ್ರಿ ಅವಳು ಅಡುಗೆಮನೆಯ ಹಿಂಬಾಗಿಲಿಂದ ಒಳಗೆ ಬರುತ್ತಿದ್ದಳು. ಅಂಗಡಿಯಮ್ಮ ಅನ್ನ ಮುಚ್ಚಿಟ್ಟಿರುತ್ತಿದ್ದಳು.

ಕೊನೆಗೆ ಉಳಿದದ್ದು ಊರಂಚಿನ ಮೂರಂತಸ್ತಿನ ಕಟ್ಟಡ. ಅಲ್ಲಿಯ ಮೇಸ್ತ್ರಿಯೇ ತನ್ನ ಆಳುಗಳಿಗೆಲ್ಲ ಅವಳ ಅಂಗಡಿಯಿಂದ ಉಳಿ ಕೊಡಿಸಿದ್ದ. ಅವಳು ಹೋದಾಗ ಮೇಲೆ ಎಲ್ಲ ಕಡೆಯೂ ಗೋಡೆ ಕೊರೆಯುವ ಸದ್ದು. ಒಂದೊಂದು ಪೆಟ್ಟಿಗೂ ಅವಳು ತಲೆ ಎತ್ತಿ ನೋಡಿದಳು. ಮೇಸ್ತ್ರಿ ಅವಳ ಮಾತನ್ನು ಅರ್ಧಕ್ಕೇ ತಡೆದ.

"ಅಸಲಿ ಮಾಲು ಕೈತಪ್ಪಿ ಹೋಯ್ತು ಅಂತ ಅತ್ತೆ ಕಳಿಸಿದ್ದಾಳೆ. ಇಲ್ಲಿಯದು ಕೊಟ್ಟು ಆಚೆಯದು ಕಿತ್ತುಕೊಂಡು ಹೋಗೋ ಉಪಾಯ. ನಡಿ ನಡಿ."

ಒಂದನ್ನು ಹೊಡೆದು ತೋರಿಸುತ್ತೇನೆ ಅಂದಳು. ಬೇಕಂತಲೇ ಮುರಿದು ಮುರಿಯಿತು ಅನ್ನುತ್ತೀಯಾ, ಅಂದ. ಅವಳು ಅವನ ಸೊಂಟದಲ್ಲಿದ್ದ ಉಳಿಗೆ ಕೈ ಹಾಕಿದಳು. ಅವನು ತಳ್ಳಿದ. ಜಲ್ಲಿಯ ರಾಶಿಯ ಮೇಲೆ ಬಿದ್ದು ಅವಳ ಮೊಣಕೈಯ ಚರ್ಮ ಕಿತ್ತುಹೋಯಿತು. ಎದ್ದು ಬಂದು ಮತ್ತೆ ಹಿಡಿದಳು. ಅವನು ಕೆನ್ನೆಗೆ ಹೊಡೆದ, ಸುಟ್ಟಗಾಯದ ಮೇಲೆಯೇ ಬಿತ್ತು. ಗಾಯ ಒಡೆದು ರಕ್ತ ಕುತ್ತಿಗೆಗೆ ಇಳಿಯಿತು. ಮೇಲಿನಿಂದ ಆಳುಗಳು ಇಣುಕಿ ನೋಡಿ ನಕ್ಕರು. ಅವಳು ಎರಡೂ ಕೈಯಲ್ಲಿ ಉಳಿಯನ್ನು ಹಿಡಿದು ಜೋತುಬಿದ್ದಳು. ಮೇಸ್ತ್ರಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಆಗ ಅವಳ ಕಣ್ಣು ಆ ಹೆಸರಿನ ಮೇಲೆ ಬಿತ್ತು.

"ಹೆಸರು ನೋಡಿ ಅಣ್ಣಾ. ನಾಲ್ಕನೇ ಅಕ್ಷರ ನೋಡಿ."

"ಏನಿದೆ ಅದರಲ್ಲಿ?"

"ಸಾಲು ಬಿಟ್ಟು ಮೇಲೆ ಹೋಗಿದೆ. ತಲೆ ಒಂದು ಕಡೆ ವಾಲಿದೆ. ಅದನ್ನ ಒತ್ತುವಾಗ ನನ್ನ ಗಂಡ ಬೆನ್ನಿಗೆ ಒದ್ದ, ಕೈ ಜಾರಿತು. ಆಚೆ ದೇಶದಲ್ಲೂ ಹಾಗೇ ಒದ್ದು ಒತ್ತಿಸ್ತಾರೇನೋ, ನನಗೆ ಗೊತ್ತಿಲ್ಲ."

ಮೇಸ್ತ್ರಿ ಉಳಿಯನ್ನು ಬೆಳಕಿಗೆ ಹಿಡಿದ. ಮಿಕ್ಕ ಅಕ್ಷರಗಳು ಸಾಲಾಗಿ ನೆಟ್ಟಗೆ ಕೂತಿದ್ದವು. ನಾಲ್ಕನೆಯದು ಮುಗ್ಗರಿಸಿದ ಹಾಗೆ ಒಂದು ಪಕ್ಕಕ್ಕೆ ಬಿದ್ದಿತ್ತು. ಅವನು ಉಳಿ ನೋಡಿದ, ಅವಳ ಮುಖ ನೋಡಿದ, ಬಾವು ಇಳಿಯದ ದವಡೆ ನೋಡಿದ, ಈಗಷ್ಟೇ ತಾನು ಹೊಡೆದ ಜಾಗ ನೋಡಿದ. ಕೈಯನ್ನು ಚಡ್ಡಿಗೆ ಒರೆಸಿಕೊಂಡ.

ಉಳಿಯನ್ನು ಅವಳ ಗೋಣಿಗೆ ಹಾಕಿ, ತಲೆ ಎತ್ತಿ ಕೂಗಿದ. ಎಲ್ಲರೂ ಹೊಡೆಯೋದು ನಿಲ್ಲಿಸಿ, ಉಳಿ ತಗೊಂಡು ಕೆಳಗಿಳಿದು ಬನ್ನಿ, ಅಂದ. ಮೇಲೆ ಸದ್ದು ಒಂದೊಂದಾಗಿ ನಿಂತಿತು. ಅವಳು ಮೊಣಕೈಯ ರಕ್ತ ಸೆರಗಿಗೆ ಒರೆಸಿಕೊಂಡು, ಇಳಿದು ಬರುತ್ತಿದ್ದವರ ಮುಂದೆ ಗೋಣಿಯ ಬಾಯಿ ಅಗಲಿಸಿ ಹಿಡಿದು ನಿಂತಳು.